ಅಳಿಸಿದ ಒಂದು ‘ಬಹುಶಃ’

ಡಿಸೆಂಬರಿನ ಒಂದು ಸಂಜೆ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ರೂಮಿನ ಗೆಳತಿ ಅರ್ಧ ಕೆಜಿ ಕಡಲೆಕಾಯಿ ಕೇಳಿದಳು. ಮಂಡ್ಯ ಕಡೆಯವಳು, ಊರಿಗೆ ಹೊಸಬಳು. ಬುಟ್ಟಿಯ ಹಿಂದೆ ಕುಳಿತಿದ್ದ ಅಜ್ಜಿ ಹಸಿ ಕಡಲೆ ಗಿಡದ ಒಂದು ಕಟ್ಟು ಎತ್ತಿ ಕೊಟ್ಟಳು.

“ಇದಲ್ಲ ಅಜ್ಜಿ, ಕಡಲೆಕಾಯಿ.”

“ಮತ್ತ ಇದೇನ ಬದನಿಕಾಯೇನವಾ? ಕಡ್ಲಿ ಗಿಡದಾಗ ಬಿಟ್ಟಿದ್ದು ಕಡ್ಲಿಕಾಯಿ ಅಲ್ಲೇನು?”

ಗದಗ ಕಡೆಯವಳಾದ ನಾನು ನಡುವೆ ಬಾಯಿ ಹಾಕಿ, “ಅಕಿ ಶೇಂಗಾ ಕೇಳಾಕತ್ತಾಳ ಯವ್ವಾ” ಎಂದೆ. ಅಜ್ಜಿ ನಕ್ಕಳು. “ಹಂಗಂದ್ರ ಶೇಂಗಾ ಅನ್ನಬೇಕಲ್ಲ. ಕಡ್ಲಿ ಹೆಸರು ಯಾಕ ಹೇಳೂದು?”

ಅಜ್ಜಿಯ ತರ್ಕದಲ್ಲಿ ತಪ್ಪಿರಲಿಲ್ಲ. ಶೇಂಗಾ ದಕ್ಷಿಣ ಅಮೆರಿಕ ಮೂಲದ ಬೆಳೆ. ನಮ್ಮ ನೆಲಕ್ಕೆ ಬಂದಾಗ ಅದಕ್ಕೆ ಇಲ್ಲಿ ಹೆಸರಿರಲಿಲ್ಲ. ನೋಡಿದವರು ತಮಗೆ ಗೊತ್ತಿದ್ದ ಕಾಳಿಗೆ ಹೋಲಿಸಿ ‘ಕಡಲೆಯಂಥ ಕಾಯಿ’ ಎಂದಿರಬೇಕು. ಬಾಯಿಂದ ಬಾಯಿಗೆ ಹೋಗುವಾಗ ಆ ‘ಅಂಥ’ ಎಲ್ಲೋ ಉದುರಿ ‘ಕಡಲೆಕಾಯಿ’ ಉಳಿಯಿತು. ಹೋಲಿಕೆ ಹೆಸರಾಯಿತು. ಇದರಿಂದ ಯಾರಿಗೂ ನಷ್ಟವಾಗಿಲ್ಲ, ಒಂದು ಸಂಜೆ ಒಂದು ನಗು ಸಿಕ್ಕಿತು, ಅಷ್ಟೆ. ಆದರೆ ಕೆಲವು ತಿಂಗಳ ನಂತರ ನಾನೇ ಒಂದು ‘ಅಂಥ’ವನ್ನು ಉದುರಿಸಿದೆ. ಅದರಿಂದ ನಷ್ಟವಾಯಿತು. ಈ ಬರಹ ಅದರ ಬಗ್ಗೆ.

ಆಗ ನಾನು ಶೇಂಗಾದ ಜೀನುಗಳನ್ನು ಪಟ್ಟಿ ಮಾಡುವ ಕೆಲಸದಲ್ಲಿದ್ದೆ. 2017ರ ಸುಮಾರು. ಹಿಂದಿನ ವರ್ಷವಷ್ಟೇ, 2016ರಲ್ಲಿ, ಶೇಂಗಾದ ಎರಡು ಕಾಡು ಪೂರ್ವಜರ ಜೀನೋಮ್ ಪ್ರಕಟವಾಗಿತ್ತು. ನಾವು ತಿನ್ನುವ ಶೇಂಗಾ ಒಂದು ವಿಚಿತ್ರ ಕೂಡುಕುಟುಂಬ. ಸಾವಿರಾರು ವರ್ಷಗಳ ಹಿಂದೆ ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪಾಯೆನ್ಸಿಸ್ ಎಂಬ ಎರಡು ಕಾಡು ಗಿಡಗಳು ಕೂಡಿ, ಎರಡರ ವರ್ಣತಂತುಗಳೂ ಒಂದೇ ಜೀವಕೋಶದಲ್ಲಿ ಉಳಿದುಕೊಂಡವು. ಒಂದು ಕಡೆಯಿಂದ 20, ಇನ್ನೊಂದು ಕಡೆಯಿಂದ 20, ಒಟ್ಟು 40. ಮೊದಲನೆಯದನ್ನು ‘ಎ’ ಎಂದೂ ಎರಡನೆಯದನ್ನು ‘ಬಿ’ ಎಂದೂ ಕರೆಯುತ್ತಾರೆ. ಒಂದೇ ಮನೆಯಲ್ಲಿ ಎರಡು ಒಲೆ ಇದ್ದಹಾಗೆ, ಹೆಚ್ಚಿನ ಜೀನುಗಳಿಗೆ ಎ ಕಡೆ ಒಂದು ಪ್ರತಿ, ಬಿ ಕಡೆ ಒಂದು ಪ್ರತಿ. ಬೆಳೆಸಿದ ಶೇಂಗಾದ ಪೂರ್ಣ ಜೀನೋಮ್ ಬರಲು 2019ರವರೆಗೆ ಕಾಯಬೇಕಾಯಿತು.

ಜೀನೋಮ್ ಬ್ರೌಸರ್ ನೋಡದವರಿಗೆ ಅದನ್ನು ಹೀಗೆ ಹೇಳಬಹುದು. ತಲಾಠಿಯ ಕಚೇರಿಯಲ್ಲಿ ಹಳ್ಳಿಯ ನಕ್ಷೆ ಇರುತ್ತದಲ್ಲ, ಹಾಗೆ ಒಂದು ಜೀವಿಯ ಇಡೀ ಡಿಎನ್‌ಎಯನ್ನು ಉದ್ದಕ್ಕೆ ಹಾಸಿ ತೋರಿಸುವ ನಕ್ಷೆ. ಪ್ರತಿ ಜೀನಿಗೂ ಒಂದು ಸರ್ವೆ ನಂಬರ್, ಎಲ್ಲಿಂದ ಎಲ್ಲಿಯವರೆಗೆ ಎಂಬ ಚಕ್ಕುಬಂದಿ. ಎಕ್ಸಾನ್‌ಗಳು ದಪ್ಪ ಪೆಟ್ಟಿಗೆಗಳಾಗಿ, ನಡುವಿನ ಇಂಟ್ರಾನ್‌ಗಳು ತೆಳು ಗೆರೆಯಾಗಿ, ಯಾವ ದಿಕ್ಕಿಗೆ ಓದಬೇಕೆಂಬುದು ಬಾಣವಾಗಿ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿದರೆ ಉತಾರದ ಹಾಗೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಜೀನಿನ ಹೆಸರು, ಅದು ಮಾಡುವ ಕೆಲಸ, ಮತ್ತು ಬೇರೆ ಗಿಡಗಳಲ್ಲಿ ಅದರ ಸಂಬಂಧಿಗಳು: ಸೋಯಾದಲ್ಲಿ ಯಾವುದು, ಅಜ್ಜಿ ಕೊಟ್ಟ ನಿಜವಾದ ಕಡಲೆಯಲ್ಲಿ ಯಾವುದು, ಅರಾಬಿಡಾಪ್ಸಿಸ್‌ನಲ್ಲಿ ಯಾವುದು. ಈ ಅರಾಬಿಡಾಪ್ಸಿಸ್ ಸಾಸಿವೆ ಕುಟುಂಬದ ಒಂದು ಪುಟ್ಟ ಕಳೆ. 2000ದಲ್ಲಿ ಗಿಡಗಳ ಪೈಕಿ ಮೊದಲು ಜೀನೋಮ್ ಓದಿಸಿಕೊಂಡದ್ದು ಅದು. ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಪ್ರಯೋಗಕ್ಕೆ ಒಳಗಾದ ಗಿಡವೂ ಅದೇ. ಹಾಗಾಗಿ ಉಳಿದ ಗಿಡಗಳ ಜೀನುಗಳು ತಮ್ಮ ಹೆಸರನ್ನು ಬಹುಪಾಲು ಅದರಿಂದಲೇ ಎರವಲು ಪಡೆದಿವೆ.

ಈ ಸಂಬಂಧಿಗಳಿಗೆ ಆರ್ಥೊಲಾಗ್ ಎನ್ನುತ್ತಾರೆ. 1970ರಲ್ಲಿ ವಾಲ್ಟರ್ ಫಿಚ್ ಎಂಬ ವಿಜ್ಞಾನಿ ಈ ಪದ ಟಂಕಿಸಿದ. ಅದರ ಅರ್ಥವನ್ನು ಹಳಗನ್ನಡ ಓದಿದವರಿಗೆ ಹೇಳುವುದು ಸುಲಭ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲಾಯಿತು, ತಮಿಳಿನಲ್ಲಿ ಪಾಲ್ ಆಗಿಯೇ ಉಳಿಯಿತು. ಪುಲಿ ನಮ್ಮಲ್ಲಿ ಹುಲಿಯಾಯಿತು, ತಮಿಳು ತೆಲುಗುಗಳಲ್ಲಿ ಪುಲಿಯೇ. ಒಂದೇ ತಾಯಿನುಡಿಯ ಒಂದೇ ಪದ, ಭಾಷೆಗಳು ಕವಲೊಡೆದಾಗ ಬೇರೆಯಾದದ್ದು. ಜೀವಪ್ರಭೇದಗಳು ಕವಲೊಡೆದಾಗ ಬೇರೆಯಾದ ಒಂದೇ ಜೀನು ಆರ್ಥೊಲಾಗ್. ಹಾಗಲ್ಲದೆ, ಒಂದು ಜೀನು ತನ್ನದೇ ಮನೆಯೊಳಗೆ ಎರಡಾಗಿ, ಆ ಎರಡೂ ಪ್ರತಿಗಳು ಬೇರೆ ಬೇರೆ ಕೆಲಸ ಹಿಡಿಯಬಹುದು. ಅವು ಪ್ಯಾರಲಾಗ್. ನೋಡಲು ಎರಡೂ ಹತ್ತಿರದ ನೆಂಟರೇ. ತೊಂದರೆ ಇರುವುದು ಇಲ್ಲೇ. ಕಂಪ್ಯೂಟರು ಹೇಳುವುದು ಎರಡು ಸರಣಿಗಳು ಎಷ್ಟು ಹೋಲುತ್ತವೆ ಎಂದು ಮಾತ್ರ. ನಂಟು ಯಾವ ಬಗೆಯದು ಎಂದು ಹೇಳಲು ವಂಶಾವಳಿ ಬರೆಯಬೇಕು. ಶೇಕಡ 60 ಹೋಲಿಕೆ ಎನ್ನಬಹುದು, ಶೇಕಡ 60 ಅಣ್ಣ ಎನ್ನಲಾಗದು. ಒಂದೋ ಅಣ್ಣ, ಇಲ್ಲವೋ ಅಲ್ಲ. ನಮ್ಮ ‘ಎಂಟು’ ಮತ್ತು ಇಂಗ್ಲಿಷಿನ ‘ಎಯ್ಟ್’ ಕಿವಿಗೆ ಹತ್ತಿರ ಕೇಳಿಸುತ್ತವೆ, ನಂಟೇನೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವರು ಹೇಳಿದ್ದು ಸುಮ್ಮನೆ ಅಲ್ಲ.

ನಾನು ಪಟ್ಟಿ ಮಾಡುತ್ತಿದ್ದದ್ದು ಎ ಕಡೆಯ ಮೂರನೆಯ ವರ್ಣತಂತುವಿನ ಒಂದು ತುಣುಕನ್ನು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜಿಪಿಬಿಡಿ-4 ಎಂಬ ಶೇಂಗಾ ತಳಿ ತುಕ್ಕು ರೋಗ ಮತ್ತು ಎಲೆಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ. ಆ ಶಕ್ತಿ ಅದಕ್ಕೆ ಅರಾಕಿಸ್ ಕಾರ್ಡೆನಾಸಿ ಎಂಬ ಇನ್ನೊಂದು ಕಾಡು ಬಂಧುವಿನಿಂದ, ಆ ತುಣುಕಿನ ಮೂಲಕ ಬಂದಿದೆ ಎಂದು ಸಂಶೋಧನೆಗಳು ತೋರಿಸಿದ್ದವು. ಆ ತುಣುಕಿನಲ್ಲಿ ಯಾವ ಯಾವ ಜೀನುಗಳಿವೆ, ಅವುಗಳಲ್ಲಿ ಯಾವುದು ರೋಗ ತಡೆಯುವುದಿರಬಹುದು ಎಂದು ಒಂದು ಕೋಷ್ಟಕ ಮಾಡಬೇಕಿತ್ತು. ಬ್ರೌಸರಿನಲ್ಲಿ ನಾನು ನೋಡುತ್ತಿದ್ದದ್ದು ಡ್ಯುರಾನೆನ್ಸಿಸ್‌ನ ಜೀನೋಮ್, ಹೊಲದಲ್ಲಿದ್ದ ಗಿಡದ್ದಲ್ಲ. ಅಂದರೆ ಪರದೆಯ ಮೇಲಿನ ನಕ್ಷೆಯೇ ಒಂದು ಹೋಲಿಕೆ. ಅದರ ಮೇಲಿನ ಹೆಸರುಗಳು ಹೋಲಿಕೆಯ ಮೇಲಿನ ಹೋಲಿಕೆ.

ಒಂದು ಜೀನಿನ ಮುಂದೆ ಹೀಗಿತ್ತು: ‘ಪ್ಯುಟೇಟಿವ್ ಡಿಸೀಸ್ ರೆಸಿಸ್ಟೆನ್ಸ್ ಪ್ರೋಟೀನ್-ಲೈಕ್’. ಕನ್ನಡದಲ್ಲಿ ಹೇಳುವುದಾದರೆ, ‘ಬಹುಶಃ, ರೋಗನಿರೋಧಕ ಪ್ರೋಟೀನಿನಂಥದ್ದು’. ಹೆಸರು ಉದ್ದವಾಗಿ ಕೋಷ್ಟಕದ ಚೌಕದಿಂದ ಹೊರಗೆ ಚಾಚುತ್ತಿತ್ತು. ನಾನು ಮೊದಲ ಪದವನ್ನೂ ಕೊನೆಯ ಪದವನ್ನೂ ತೆಗೆದೆ. ‘ರೋಗನಿರೋಧಕ ಪ್ರೋಟೀನ್’ ಎಂದು ಉಳಿಯಿತು. ಚೌಕಕ್ಕೆ ಸರಿಯಾಗಿ ಕೂತಿತು. ಚೌಕ ಸಣ್ಣದು ಎಂಬುದು ಪೂರ್ತಿ ನಿಜವಲ್ಲ ಎಂದು ಈಗ ಒಪ್ಪಿಕೊಳ್ಳಬೇಕು. ‘ಬಹುಶಃ’ ತುಂಬಿದ ಕೋಷ್ಟಕ ಕೆಲಸವೇ ಮಾಡದವಳ ಕೋಷ್ಟಕದ ಹಾಗೆ ಕಾಣುತ್ತಿತ್ತು. ‘ರೋಗನಿರೋಧಕ’ ಎಂಬ ಪದ ಅಲ್ಲಿ ಗಟ್ಟಿಯಾಗಿ ನಿಂತರೆ, ಏನನ್ನೋ ಕಂಡುಹಿಡಿದವಳ ಹಾಗೆ ನಾನು ಕಾಣುತ್ತಿದ್ದೆ.

ಎರಡು ವರ್ಷಗಳ ನಂತರ ನನ್ನ ಕೋಷ್ಟಕ ಪೆನ್ ಡ್ರೈವ್ ಒಂದರಲ್ಲಿ ಕಿರಿಯ ವಿದ್ಯಾರ್ಥಿನಿಯೊಬ್ಬಳ ಕೈ ಸೇರಿತು. ಅವಳು ಆ ಜೀನನ್ನೇ ಆರಿಸಿಕೊಂಡಳು. ಅದಕ್ಕೆ ಪ್ರೈಮರ್ ಮಾಡಿಸಿ, ರೋಗ ಬರುವ ಗಿಡ, ಬರದ ಗಿಡ ಎರಡನ್ನೂ ಬೆಳೆಸಿ, ಮುಂಗಾರು ಹಂಗಾಮು ಪೂರ್ತಿ ಎಲೆ ಕಿತ್ತು, ಐಸ್ ಡಬ್ಬಿಯಲ್ಲಿ ಹೊತ್ತು ತಂದು, ರಾತ್ರಿಯೆಲ್ಲ ಆರ್‌ಎನ್‌ಎ ತೆಗೆದು ಅಳೆದಳು. ಎರಡು ಗಿಡಗಳಲ್ಲೂ ಆ ಜೀನು ಒಂದೇ ಥರ ಇತ್ತು. ತನ್ನ ಕೈಯೇ ಸರಿಯಿಲ್ಲವೇನೋ ಎಂದು ಮತ್ತೆ ಮಾಡಿದಳು. ಮತ್ತೆ ಅದೇ. ಕೊನೆಗೆ ವಂಶಾವಳಿ ಬರೆದು ನೋಡಿದಾಗ ತಿಳಿಯಿತು: ಅರಾಬಿಡಾಪ್ಸಿಸ್‌ನ ಆ ಹೆಸರಾಂತ ಜೀನಿಗೆ ಇದು ಆರ್ಥೊಲಾಗ್ ಆಗಿರಲಿಲ್ಲ. ಅದೇ ದೊಡ್ಡ ಕುಟುಂಬದ ದೂರದ ಕವಲೊಂದರ ಪ್ಯಾರಲಾಗ್. ಗಿಡಗಳಲ್ಲಿ ಈ ಕುಟುಂಬಕ್ಕೆ ನೂರಾರು ಸದಸ್ಯರಿರುತ್ತಾರೆ. ಎಲ್ಲರ ಮುಖವೂ ಹೋಲುತ್ತದೆ, ಎಲ್ಲರ ಕೆಲಸ ಒಂದಲ್ಲ.

ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಜಗಳಕ್ಕಲ್ಲ. ಲ್ಯಾಪ್‌ಟಾಪ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, “ಅಕ್ಕಾ, ಇದನ್ನ ನೀವು ಯಾವ ಆಧಾರದ ಮ್ಯಾಲೆ ಬರದಿದ್ರಿ?” ಎಂದಳು. ಅವಳಿಗೆ ಉತ್ತರ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. “ಡೇಟಾಬೇಸಿನ್ಯಾಗ ಹಂಗs ಇತ್ತು” ಎಂದೆ. ಅದೂ ಸುಳ್ಳು. ಡೇಟಾಬೇಸಿನಲ್ಲಿ ಇದ್ದದ್ದು ‘ಬಹುಶಃ’.

ನಾನು ಮಾಡಿದ್ದು ಸುಳ್ಳೇ? ಇದು ನನ್ನನ್ನು ಬಹಳ ದಿನ ಕಾಡಿತು. ಸುಳ್ಳು ಎಂದರೆ ನಿಜವಲ್ಲವೆಂದು ಗೊತ್ತಿದ್ದೂ ಹೇಳುವುದು. ಅದು ರೋಗನಿರೋಧಕ ಜೀನಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹೌದು ಎಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ನನಗೆ ಗೊತ್ತಿಲ್ಲ ಎಂಬುದು. ನಾನು ಅಳಿಸಿದ್ದು ಅದನ್ನೇ. ಹಾಗಾಗಿ ಜೀನಿನ ಬಗ್ಗೆ ನಾನು ಸುಳ್ಳು ಹೇಳಿರಲಿಲ್ಲ, ನನ್ನ ಬಗ್ಗೆ ಹೇಳಿದ್ದೆ. ನನಗೆಷ್ಟು ಗೊತ್ತು ಎಂಬುದರ ಬಗ್ಗೆ. ನಮ್ಮ ಮಾತನ್ನು ನಂಬಿ ಕೆಲಸಕ್ಕಿಳಿಯುವವರಿಗೆ ಬೇಕಾಗುವ ಸತ್ಯಗಳಲ್ಲಿ ಇದೂ ಒಂದು. ಬಾವಿಗೆ ಇಳಿಯುವವನಿಗೆ ಹಗ್ಗ ಕೊಟ್ಟು, ಅದು ಹಳೆಯದು ಎಂದು ಹೇಳದೆ ಇದ್ದರೆ, ಹಗ್ಗದ ಬಗ್ಗೆ ಒಂದೂ ಸುಳ್ಳಾಡಿಲ್ಲ ಎಂಬ ಸಮಾಧಾನ ಯಾವ ಉಪಯೋಗಕ್ಕೆ?

ಇಂಥ ತಪ್ಪಿಗೆ ಇನ್ನೊಂದು ಗುಣವಿದೆ. ಅದು ಒಬ್ಬರಲ್ಲಿ ನಿಲ್ಲುವುದಿಲ್ಲ. ನನ್ನ ಕೋಷ್ಟಕದ ಹೆಸರನ್ನು ನೋಡಿ ಯಾರೋ ಮತ್ತೊಂದು ಗಿಡದ ಜೀನಿಗೆ ಅದೇ ಹೆಸರಿಡಬಹುದು. ಅದನ್ನು ನೋಡಿ ಇನ್ನೊಬ್ಬರು. ನಾಲ್ಕನೆಯ ಕೈಗೆ ಹೋಗುವ ಹೊತ್ತಿಗೆ ‘ಇಷ್ಟು ಜನ ಹೇಳಿದ್ದಾರೆ’ ಎಂಬುದೇ ಸಾಕ್ಷಿ ಆಗಿಬಿಡುತ್ತದೆ, ಹೇಳಿದ್ದು ಮೂಲದಲ್ಲಿ ಒಬ್ಬಳೇ ಆದರೂ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 37 ಕಿಣ್ವ ಕುಟುಂಬಗಳನ್ನು ನಾಲ್ಕು ದೊಡ್ಡ ಡೇಟಾಬೇಸ್‌ಗಳಲ್ಲಿ ಪರೀಕ್ಷಿಸಿತು. ಮನುಷ್ಯರು ಒಂದೊಂದಾಗಿ ಓದಿ ದಾಖಲಿಸುವ ಸ್ವಿಸ್-ಪ್ರಾಟ್‌ನಲ್ಲಿ ಹೆಚ್ಚಿನ ಕುಟುಂಬಗಳ ತಪ್ಪು ಸೊನ್ನೆಯ ಹತ್ತಿರ ಇತ್ತು. ಉಳಿದ ಮೂರರಲ್ಲಿ ತಪ್ಪು ಹೇರಳ. ಅವುಗಳಲ್ಲಿ ಮುಖ್ಯ ಬಗೆ ಯಾವುದು ಗೊತ್ತೇ? ಪೂರಾ ತಪ್ಪು ಹೆಸರಿಡುವುದಲ್ಲ, ಸಾಕ್ಷಿ ಎಷ್ಟು ಹೇಳುತ್ತದೋ ಅದಕ್ಕಿಂತ ಹೆಚ್ಚು ಹೇಳುವುದು. ಓದಿದಾಗ ನನ್ನ ಕೋಷ್ಟಕವನ್ನೇ ಯಾರೋ ಬಣ್ಣಿಸಿದ ಹಾಗನಿಸಿತು.

ಈ ಸಮಸ್ಯೆ ಹಳೆಯದು. ನ್ಯಾಯದರ್ಶನದವರು ‘ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ನಾಲ್ಕು ಉತ್ತರ ಒಪ್ಪುತ್ತಿದ್ದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಉಪಮಾನಕ್ಕೆ ಅವರು ಕೊಡುವ ಉದಾಹರಣೆ ಗವಯ ಎಂಬ ಕಾಡುಪ್ರಾಣಿ. ಗವಯ ಹಸುವಿನ ಹಾಗಿರುತ್ತದೆ ಎಂದು ಕಾಡಿನವನೊಬ್ಬ ಊರಿನವನಿಗೆ ಹೇಳಿರುತ್ತಾನೆ. ಊರಿನವನು ಕಾಡಿಗೆ ಹೋಗಿ, ಹಸುವಿನಂಥ ಪ್ರಾಣಿಯನ್ನು ಕಂಡು, ಗವಯ ಎಂದರೆ ಇದೇ ಎಂದು ತಿಳಿಯುತ್ತಾನೆ. ಅವನು ಕಾಡಿಗೆ ಹೋದ ಎಂಬುದನ್ನು ಗಮನಿಸಬೇಕು. ಹೋಲಿಕೆ ಅವನಿಗೆ ದಾರಿ ತೋರಿಸಿತು, ಮನೆಯಲ್ಲೇ ಕೂರಿಸಲಿಲ್ಲ. ಗವಯದಿಂದ ಹಾಲು ಕರೆಯಬಹುದು ಎಂದೂ ಅವನು ತೀರ್ಮಾನಿಸಲಿಲ್ಲ. ನಾನು ಕಾಡಿಗೆ ಹೋಗದೆಯೇ ಹಾಲಿನ ಲೆಕ್ಕ ಬರೆದಿದ್ದೆ.

ಅಚ್ಚರಿಯೆಂದರೆ, 1998ರಲ್ಲಿ ಶುರುವಾದ ಜೀನ್ ಆಂಟಾಲಜಿ ಎಂಬ ಯೋಜನೆಯವರೂ ಇಂಥದೇ ವ್ಯವಸ್ಥೆ ಮಾಡಿಕೊಂಡರು. ಜೀನಿನ ಕೆಲಸವನ್ನು ದಾಖಲಿಸುವಾಗ ಪಕ್ಕದಲ್ಲಿ ಸಾಕ್ಷಿಯ ಸಂಕೇತವನ್ನೂ ಬರೆಯಲೇಬೇಕು. ನೇರ ಪ್ರಯೋಗದಿಂದ ತಿಳಿದದ್ದಾದರೆ ಐಡಿಎ. ಆರ್ಥೊಲಾಗ್ ನೋಡಿ ಊಹಿಸಿದ್ದಾದರೆ ಐಎಸ್ಒ. ಬಲ್ಲವರು ಬರೆದ ಮಾತಾದರೆ ಟಿಎಎಸ್. ಯಾವ ಮನುಷ್ಯನೂ ಪರಿಶೀಲಿಸದೆ ಕಂಪ್ಯೂಟರು ತಾನೇ ಹಚ್ಚಿದ್ದಾದರೆ ಐಇಎ. ಹುಡುಕಿಯೂ ಏನೂ ಸಿಗದಿದ್ದರೆ ಎನ್‌ಡಿ, ಅಂದರೆ ಮಾಹಿತಿ ಇಲ್ಲ. ಪ್ರತ್ಯಕ್ಷ, ಉಪಮಾನ, ಶಬ್ದ ಎಲ್ಲವೂ ಅಲ್ಲಿವೆ. ದಾಖಲೆಗಳಲ್ಲಿ ದೊಡ್ಡ ಪಾಲು ಕಂಪ್ಯೂಟರು ಹಚ್ಚಿದ್ದೇ. ಅದರಲ್ಲಿ ನಾಚಿಕೆಯೇನಿಲ್ಲ, ಹಾಗೆಂದು ಬರೆದಿದ್ದಾರಲ್ಲ.

‘ಅನುಮಾನ’ ಪದವನ್ನೇ ನೋಡಿ. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ಅದರ ಅರ್ಥ, ಹೊಗೆ ಕಂಡು ಬೆಂಕಿ ಇದೆ ಎಂದು ನಿಶ್ಚಯಿಸುವುದು. ಕನ್ನಡಕ್ಕೆ ಬಂದು ಅದು ಸಂಶಯವಾಯಿತು. ‘ನನಗೆ ಅನುಮಾನ’ ಎಂದರೆ ನಮ್ಮಲ್ಲಿ ನಿಶ್ಚಯವಿಲ್ಲ ಎಂದರ್ಥ. ಮೂಲ ಒಂದೇ, ಕಾಗುಣಿತ ಒಂದೇ, ಹೋಲಿಕೆ ಶೇಕಡ ನೂರು, ಕೆಲಸ ಹೆಚ್ಚುಕಡಿಮೆ ತಿರುವುಮುರುವು. ಸಂಸ್ಕೃತದ ಅರ್ಥವನ್ನು ಹಾಗೇ ತಂದು ಕನ್ನಡಕ್ಕೆ ಹಚ್ಚಿದವನು ಓದುಗನನ್ನು ದಾರಿ ತಪ್ಪಿಸುತ್ತಾನೆ. ನಂಟು ಖಚಿತವಾಗಿ ಗೊತ್ತಿದ್ದಾಗಲೂ ಕೆಲಸವನ್ನು ಬೇರೆಯಾಗಿಯೇ ನೋಡಬೇಕೆಂದು ಒಂದೇ ಪದ ಕಲಿಸುತ್ತದೆ.

ನಮ್ಮೂರಿನಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆ. 1853ರಲ್ಲಿ ಭಾರತಕ್ಕೆ ಬಂದು, ಹುಬ್ಬಳ್ಳಿ ಧಾರವಾಡಗಳಲ್ಲೂ ವರ್ಷಗಳನ್ನು ಕಳೆದ ಫರ್ಡಿನಾಂಡ್ ಕಿಟೆಲ್‌ರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ನಾನು ಅದನ್ನು ತೆರೆದದ್ದು ಈ ಪ್ರಸಂಗದ ನಂತರ. ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಅದರ ಸಂಬಂಧಿಗಳು. ಯಾವ ಗ್ರಂಥದಲ್ಲಿ ಕಂಡದ್ದು, ಯಾವ ಸೀಮೆಯ ಆಡುಮಾತು ಎಂಬ ಗುರುತುಗಳು. ಇದೂ ಒಂದು ಬ್ರೌಸರು, ಇವೂ ಆರ್ಥೊಲಾಗ್‌ಗಳು! ನೂರಕ್ಕೂ ಹೆಚ್ಚು ವರ್ಷಗಳ ನಂತರ ಓದುವವಳಿಗೂ ಕಿಟೆಲ್‌ರೊಡನೆ ವಾದಿಸಲು ಸಾಧ್ಯವಾಗುವುದು ಈ ಗುರುತುಗಳಿಂದ. ಆಧಾರ ತೋರಿಸಿದವರನ್ನು ತಿದ್ದಬಹುದು. ನನ್ನ ಕೋಷ್ಟಕವನ್ನು ತಿದ್ದಲು ಆ ಹುಡುಗಿ ಒಂದು ಹಂಗಾಮು ಕೊಡಬೇಕಾಯಿತು.

ಹಾಗಾದರೆ ಪ್ರತಿ ಮಾತಿಗೂ ‘ಬಹುಶಃ’ ಸೇರಿಸುತ್ತ ಕೂರುವುದೇ ಪ್ರಾಮಾಣಿಕತೆಯೇ? ಅದೂ ಒಂದು ತಪ್ಪಿಸಿಕೊಳ್ಳುವ ದಾರಿ. ಎಲ್ಲದಕ್ಕೂ ಒಂದೇ ‘ಬಹುಶಃ’ ಹಚ್ಚಿದರೆ ಯಾವುದಕ್ಕೂ ಹಚ್ಚದ ಹಾಗೆಯೇ. ಗಟ್ಟಿ ಮಾತು ಯಾವುದು, ಸಡಿಲ ಮಾತು ಯಾವುದು ಎಂದು ಓದುವವರಿಗೆ ತಿಳಿಯುವುದಿಲ್ಲ. ಜಿಪಿಬಿಡಿ-4 ರೂಪಿಸಿದ ತಳಿವಿಜ್ಞಾನಿಗಳ ಕೈಯಲ್ಲಿ ಆಗ ಶೇಂಗಾದ ಜೀನೋಮೇ ಇರಲಿಲ್ಲ. ಅವರು ಗಿಡದ ಮುಂದೆ ಕುಳಿತು ಎಲೆ ನೋಡುತ್ತಿದ್ದರು. ತುಕ್ಕು ರೋಗಕ್ಕೆ 1ರಿಂದ 9ರವರೆಗಿನ ಅಳತೆಯಿದೆ. ಎಲೆ ಸ್ವಚ್ಛವಿದ್ದರೆ 1, ಪೂರ್ತಿ ರೋಗ ತಿಂದಿದ್ದರೆ 9. ಯಾವ ಜೀನು ಎಂದು ಅವರು ಹೇಳಲಿಲ್ಲ, ಈ ಗಿಡ ತಡೆಯುತ್ತದೆ ಎಂದು ಹೇಳಿದರು. ಅಲ್ಲಿ ‘ಬಹುಶಃ’ ಬೇಕಿರಲಿಲ್ಲ, ಯಾಕೆಂದರೆ ಅವರು ನೋಡಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಂತೆ ಮತ್ತೆ ಮತ್ತೆ ನೋಡಿದ್ದರು. ರೈತನಿಗೆ ಬಿತ್ತಲು ಗಟ್ಟಿ ಮಾತು ಬೇಕು. ಅಷ್ಟು ನೋಡಿದವರು ಅದನ್ನು ಕೊಡಬಹುದು. ಮಾತಿನ ಗಟ್ಟಿತನ ನೋಟದ ಗಟ್ಟಿತನಕ್ಕೆ ಸರಿಹೊಂದಬೇಕು, ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಾನು ಕಲಿತದ್ದು ಇಷ್ಟೆ.

ಬ್ರೌಸರಿಗೆ ಮಾಹಿತಿ ಉಣಿಸುವ ಜಿಎಫ್ಎಫ್-3 ಎಂಬ ಕಡತದಲ್ಲಿ ಒಂಬತ್ತು ಕಾಲಂ ಇರುತ್ತವೆ. ಎರಡನೆಯ ಕಾಲಂ ಇರುವುದೇ ಈ ಮಾಹಿತಿ ಎಲ್ಲಿಂದ ಬಂತು ಎಂದು ಬರೆಯಲು. ಯಾವುದಾದರೂ ಕಾಲಂ ತುಂಬಲು ಮಾಹಿತಿ ಇಲ್ಲದಿದ್ದರೆ ಖಾಲಿ ಬಿಡುವಂತಿಲ್ಲ, ಒಂದು ಚುಕ್ಕೆ ಇಡಬೇಕು. ಖಾಲಿ ಬಿಟ್ಟರೆ ಮರೆತದ್ದೋ ಇಲ್ಲದ್ದೋ ತಿಳಿಯದು. ಚುಕ್ಕೆ ಇದ್ದರೆ ಯಾರೋ ಇಲ್ಲಿಯವರೆಗೆ ಬಂದಿದ್ದರು, ನೋಡಿದ್ದರು, ಹೇಳುವಂಥದ್ದೇನೂ ಅವರ ಬಳಿ ಇರಲಿಲ್ಲ ಎಂದು ತಿಳಿಯುತ್ತದೆ. ವರ್ಷಗಟ್ಟಲೆ ಆ ಚುಕ್ಕೆಗಳ ಮೇಲೆ ಕಣ್ಣಾಡಿಸಿದ್ದೆ, ಅರ್ಥ ಆಗಿರಲಿಲ್ಲ.

ನಾನು ತಿದ್ದುಪಡಿ ಬರೆದು, ಆ ಕೋಷ್ಟಕ ಯಾರ ಯಾರಿಗೆ ಹೋಗಿದೆಯೆಂದು ನೆನಪಿತ್ತೋ ಅವರಿಗೆಲ್ಲ ಕಳಿಸಿದೆ. ಬೈಂಡ್ ಆಗಿ ಕಪಾಟು ಸೇರಿದ್ದ ಪ್ರತಿಯಲ್ಲಿ ತಿದ್ದುಪಡಿಯ ಚೀಟಿ ಅಂಟಿಸಲು ಅನುಮತಿ ಕೇಳಿ ಅಂಟಿಸಿದೆ. ಪೆನ್ ಡ್ರೈವ್‌ಗಳಲ್ಲಿ ಓಡಾಡಿದ ಪ್ರತಿಗಳು ಈಗ ಎಲ್ಲಿವೆಯೋ, ಅವುಗಳಿಗೆ ಅಂಟಿಸಲು ಚೀಟಿಯಿಲ್ಲ.

ಆ ಹುಡುಗಿ ತನ್ನ ಪ್ರಬಂಧ ಮುಗಿಸುವ ಮುನ್ನ ಹೊಸ ಕೋಷ್ಟಕ ತೋರಿಸಲು ಬಂದಳು. ಪ್ರತಿ ಸಾಲಿನಲ್ಲೂ ಹೆಸರಿನ ಪಕ್ಕ ಆಧಾರಕ್ಕೊಂದು ಕಾಲಂ ಇತ್ತು. ನನ್ನ ಜೀನಿನ ಮುಂದೆ ಕೆಲಸ ಎಂಬಲ್ಲಿ ಒಂದು ಚುಕ್ಕೆ. ಅದರ ಕೆಳಗೆ ಇನ್ನೂ ಎಷ್ಟೋ ಚುಕ್ಕೆಗಳು.

“ಇಷ್ಟು ಚುಕ್ಕಿ ನೋಡಿದ್ರ ಎಕ್ಸಾಮಿನರ್ ಬೈತಾರೇನೋ ಅಕ್ಕಾ” ಎಂದಳು.

“ಬೈದರ ಬೈಸಿಕೊ” ಎಂದೆ. ಅವಳು ನಕ್ಕಳು. ಚುಕ್ಕೆಗಳನ್ನು ಹಾಗೆಯೇ ಬಿಟ್ಟಳು.